ಒಂಬತ್ತರ ಉಪಕಾರ

ಮನುಷ್ಯನಾದವನು ಯಾರು ಯಾರಿಗೆ ಋಣಿಯಾಗಿರಬೇಕೆಂಬುದನ್ನು ಹಿರಿಯರು ಬಹಳ ಹಿಂದೆಯೇ ಪಟ್ಟಿ ಮಾಡಿಟ್ಟಿದ್ದಾರೆ. ತಾಯಿ, ತಂದೆ, ಗುರು, ಅತಿಥಿ - ಈ ಕ್ರಮವನ್ನು ಬದಲಾಯಿಸುವ ಧೈರ್ಯ ನನಗಿಲ್ಲ. ಆದರೆ ಆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರನ್ನು ಸೇರಿಸಿಕೊಳ್ಳಲು ವಾಚಕರು ನನಗೆ ಅಪ್ಪಣೆ ಕೊಡಬೇಕು. ಅದು ಮನುಷ್ಯರ ಹೆಸರಲ್ಲ, ದೇವರ ಹೆಸರೂ ಅಲ್ಲ, ಒಂದು ಅಂಕಿ. ಒಂಬತ್ತು. ಎಂಟರ ತರುವಾಯ ಬಂದು, ಹತ್ತಕ್ಕೆ ದಾರಿ ಬಿಟ್ಟು ಸರಿಯುವ ಈ ಸಾಧು ಅಂಕಿ ನನಗೆ ಮಾಡಿರುವ ಉಪಕಾರ ಸಾಮಾನ್ಯವಾದುದಲ್ಲ. ಅದೇನೆಂದು ಹೇಳುವ ಮೊದಲು ನನ್ನ ಪೂರ್ವೋತ್ತರವನ್ನು ಸ್ವಲ್ಪ ನಿವೇದಿಸಿಕೊಳ್ಳಬೇಕಾಗಿದೆ.

ನಮ್ಮದು ಚಳ್ಳಕೆರೆಯ ಸೀಮೆ. ಚಳ್ಳಕೆರೆ ಎಂದರೆ ಶೇಂಗಾ, ಶೇಂಗಾ ಎಂದರೆ ಎಣ್ಣೆ ಗಿರಣಿ, ಗಿರಣಿ ಎಂದರೆ ಮೂಟೆ, ಮೂಟೆ ಎಂದರೆ ನಮ್ಮ ಅಪ್ಪ. ಮಂಡಿಯಲ್ಲಿ ಹಮಾಲಿ ಮಾಡುತ್ತ ಮೂವತ್ತು ವರ್ಷ ಕಳೆದ ಅಪ್ಪನಿಗೆ ಓದುಬರಹ ತಿಳಿಯದು, ಅವ್ವನಿಗೂ ತಿಳಿಯದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಸಹಿ ಮಾಡುವಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ಆದರೆ ಲೆಕ್ಕದಲ್ಲಿ ಅವನನ್ನು ಮೋಸ ಮಾಡಿದವರು ಇನ್ನೂ ಹುಟ್ಟಿಲ್ಲ. ಲಾರಿಗೆ ಮೂಟೆ ಏರಿಸುವಾಗ ಅವನು ಗಟ್ಟಿಯಾಗಿ ಎಣಿಸುತ್ತಾನೆ. ಮೊದಲ ಮೂಟೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ನಮ್ಮ ಕಡೆ ಕಣದಲ್ಲಿ ಧಾನ್ಯ ಅಳೆಯುವವರ ರೂಢಿ ಅದು. ಲಾಭ, ಎರಡು, ಮೂರು ಎಂದು ಹತ್ತಾದೊಡನೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು. ಸಂಜೆ ಮೇಸ್ತ್ರಿಯ ಪುಸ್ತಕದ ಮೊತ್ತಕ್ಕೂ ಅಪ್ಪನ ಗೀಟುಗಳ ಮೊತ್ತಕ್ಕೂ ತಾಳೆಯಾದ ಮೇಲೆಯೇ ಕೂಲಿ. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಇಟ್ಟು ಕೊನೆಗೆ ಎದುರುಬದುರು ನಿಲ್ಲಿಸಿ ನೋಡುವುದು ಎಷ್ಟು ದೊಡ್ಡ ಶಾಸ್ತ್ರವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಶಾಲೆಯಲ್ಲಿ ನನ್ನ ಕಥೆ ಬೇರೆಯಾಗಿತ್ತು. ಕೇಳಿದ ಪಾಠ ಮರೆಯುತ್ತಿರಲಿಲ್ಲ. ಓದಿದ ಪಾಠ ನಿಲ್ಲುತ್ತಿರಲಿಲ್ಲ. ನಿಲ್ಲುವುದಿರಲಿ, ಓದುವುದೇ ದುಸ್ತರವಾಗಿತ್ತು. ಪಕ್ಕದ ಹುಡುಗ ಓದಿದ್ದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು, ನನ್ನ ಸರದಿ ಬಂದಾಗ ಪುಸ್ತಕದ ಮೇಲೆ ಕಣ್ಣಿಟ್ಟು ಅಚ್ಚುಕಟ್ಟಾಗಿ ಒಪ್ಪಿಸಿಬಿಡುತ್ತಿದ್ದೆ. ಐದನೆಯ ತರಗತಿಯವರೆಗೂ ಈ ವಿದ್ಯೆ ನಡೆಯಿತು. ಆಮೇಲೆ ಬರವಣಿಗೆಯ ಪರೀಕ್ಷೆಗಳು ಬಂದವು. ಬಾಯಲ್ಲಿ ಹೇಳುವ ಹುಡುಗನಿಗೂ ಕಾಗದದ ಮೇಲೆ ಬರೆಯುವ ಹುಡುಗನಿಗೂ ಸಂಬಂಧವೇ ಕಾಣಲಿಲ್ಲ. ಸೋಮಾರಿ, ಗಮನವಿಲ್ಲದವನು, ದಡ್ಡ ಎಂಬ ಮೂರು ಬಿರುದುಗಳು ನನಗೆ ಯಾವ ಸಮಾರಂಭವೂ ಇಲ್ಲದೆ ಪ್ರದಾನವಾದವು. ಎಸ್.ಎಸ್.ಎಲ್.ಸಿ.ಯನ್ನು ನಾನು ದಾಟಿದ್ದು ಕಿವಿಯ ಬಲದಿಂದಲೇ ಎಂದರೆ ಅತಿಶಯೋಕ್ತಿಯಾಗದು.

ಕನ್ನಡವು ನುಡಿದಂತೆ ಬರೆಯುವ ಭಾಷೆಯೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆ ಹೆಮ್ಮೆಗೆ ಆಧಾರವೂ ಇದೆ. ಆದರೆ ನನ್ನಂಥವನಿಗಾಗಿ ಅಲ್ಲಿಯೂ ಒಂದು ಬಲೆಯುಂಟು. ಅದೇ ಅರ್ಕಾವತ್ತು. ಬಾಯಲ್ಲಿ ಮೊದಲು ಹುಟ್ಟುವ ರಕಾರ, ಬರಹದಲ್ಲಿ ಮುಂದಿನ ಅಕ್ಷರದ ಬೆನ್ನ ಹಿಂದೆ ಹೋಗಿ ನಿಲ್ಲುತ್ತದೆ. ‘ಖರ್ಚು’ ಎಂಬ ಪದವನ್ನೇ ನೋಡಿರಿ. ಕಣ್ಣಿಗೆ ಮೊದಲು ಖ, ಆಮೇಲೆ ಚು, ಕೊನೆಯಲ್ಲಿ ರಕಾರದ ಕೊಕ್ಕೆ. ನಾಲಗೆ ಮಾತ್ರ ರಕಾರವನ್ನು ನಡುವೆ ತರಬೇಕು. ಉಳಿದವರ ಕಣ್ಣು ಈ ತಿರುವನ್ನು ಗಮನಿಸದೆಯೇ ದಾಟಿಬಿಡುತ್ತದೆ. ನಾನು ಅಲ್ಲಿ ಇಳಿದು, ಹಿಂದಕ್ಕೆ ನಡೆದು, ಮತ್ತೆ ಹತ್ತಬೇಕು. ಇನ್ನು ಇಂಗ್ಲಿಷಿನಲ್ಲಂತೂ ನನಗೆ ಎರಡು ಪದಕ್ಕೆ ಒಂದು ಪದ ಅರ್ಕಾವತ್ತೇ.

ದ್ವಿತೀಯ ಪಿ.ಯು.ಸಿ.ಯಲ್ಲಿ ನಮಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಉಪನ್ಯಾಸಕರೊಬ್ಬರು ಒಂದು ದಿನ ನನ್ನ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಅವೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದರು. ನಾನು ಹೇಳಿದೆ. ಅವರು ಬಹಳ ಹೊತ್ತು ಪತ್ರಿಕೆಯನ್ನೂ ನನ್ನ ಮುಖವನ್ನೂ ನೋಡಿ, “ನಿಮ್ಮ ತಂದೆಯವರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಬಾ” ಎಂದರು. ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಓದಿಸಿದರು, ಬರೆಸಿದರು, ಚಿತ್ರ ಜೋಡಿಸಲು ಕೊಟ್ಟರು, ಲೆಕ್ಕ ಕೇಳಿದರು. ಕೊನೆಗೆ ಹೇಳಿದ ಹೆಸರು ಡಿಸ್ಲೆಕ್ಸಿಯಾ. ಅದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅಕ್ಷರದ ಆಕಾರವನ್ನು ಅದರ ಧ್ವನಿಗೆ ಜೋಡಿಸುವ ದಾರಿಯಲ್ಲಿ ಮಿದುಳಿಗೆ ಉಂಟಾಗುವ ತೊಡಕು ಎಂದು ವಿವರಿಸಿದರು. ಅವ್ವ, “ಇದಕ್ಕೆ ಗುಳಿಗೆ ಐತೇನ್ರೀ?” ಎಂದು ಕೇಳಿದಳು. ಗುಳಿಗೆ ಇಲ್ಲವೆಂದೂ, ವಾಸಿಯಾಗುವ ಸಂಗತಿ ಇದಲ್ಲವೆಂದೂ, ಆದರೆ ಅಭ್ಯಾಸದಿಂದ ಪಳಗಿಸಬಹುದೆಂದೂ ವೈದ್ಯರು ಸಮಾಧಾನ ಹೇಳಿದರು. ಅಪ್ಪ ಏನೂ ಆಡಲಿಲ್ಲ. ಬಸ್ಸು ಹಿರಿಯೂರು ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಹಂಗಾರೆ ಇಷ್ಟು ವರ್ಸ ನಿನಗೆ ಬೈದಿದ್ದೆಲ್ಲ ಯಾರ ಲೆಕ್ಕಕ್ಕೆ ಬರೀಬೇಕಪ್ಪ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಈ ತೊಡಕು ಹೊಸದೇನೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬಾತ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ವಿಚಾರವನ್ನು ಬರೆದ. ಹುಡುಗ ಚುರುಕು, ಆಟಗಳಲ್ಲಿ ಯಾರಿಗೂ ಕಡಮೆಯಲ್ಲ, ಆದರೆ ಓದಲು ಮಾತ್ರ ಬಾರದು. ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ‘ಪ್ರೆಸಿ’ ಎಂದು ಬರೆದನಂತೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಉಪಾಧ್ಯಾಯರೇ ಹೇಳಿದರಂತೆ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೊಂದು: ಆ ಹುಡುಗ 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಿದ. ನೂರ ಇಪ್ಪತ್ತು ವರ್ಷಕ್ಕೂ ಹಿಂದಿನ, ಏಳು ಸಮುದ್ರದಾಚೆಯ ಆ ಹುಡುಗನನ್ನು ನಾನು ಮನಸ್ಸಿನಲ್ಲಿಯೇ ಅಣ್ಣನೆಂದು ಕರೆದುಕೊಂಡೆ. ಆತನ ಹೆಸರಿನಲ್ಲಿಯೂ, ಕನ್ನಡದಲ್ಲಿ ಬರೆದರೆ, ಒಂದು ಅರ್ಕಾವತ್ತು ಇದೆ!

ಪ್ರಥಮ ಬಿ.ಎ. ಮುಗಿದ ಬೇಸಗೆಯಲ್ಲಿ ನಾನು ಚಿತ್ರದುರ್ಗದ ಆಡಿಟರೊಬ್ಬರ ಕಛೇರಿಯಲ್ಲಿ ಉಮೇದುವಾರಿಗೆ ಸೇರಿದೆ. ‘ಉಮೇದುವಾರ’ ಎಂಬ ಮಾತು ಈಗ ಚುನಾವಣೆಯ ಕಾಲಕ್ಕೆ ಮಾತ್ರ ಕೇಳಿಬರುತ್ತದೆ. ಹಿಂದೆ ಕಛೇರಿಗಳಲ್ಲಿ ಕೆಲಸ ಕಲಿಯುತ್ತ ಕೂರುವವನಿಗೂ ಅದೇ ಹೆಸರಿತ್ತೆಂದು ನಮ್ಮ ಹಿರಿಯ ಗುಮಾಸ್ತರು ಹೇಳುತ್ತಾರೆ. ಬಿ.ಎ. ಓದುವವನಿಗೆ ಲೆಕ್ಕಪತ್ರದ ಗೊಡವೆ ಏಕೆಂದು ಮಿತ್ರರು ಕೇಳಿದ್ದುಂಟು. ಕಾರಣ ಅಪ್ಪ. ಮಂಡಿಯಲ್ಲಿ ಯಾರು ಬಂದರೂ ಗಾದಿಯಿಂದ ಏಳದ ಸಾಹುಕಾರರು, ಆಡಿಟರು ಬಂದಾಗ ಎದ್ದು ನಿಂತದ್ದನ್ನು ಅವನು ತನ್ನ ಕಣ್ಣಾರೆ ಕಂಡಿದ್ದಾನೆ. ಲೋಕದಲ್ಲಿ ಅದಕ್ಕಿಂತ ದೊಡ್ಡ ಪದವಿ ಇದೆಯೆಂದು ಅವನು ಇಂದಿಗೂ ಒಪ್ಪಲಾರ.

ಸೇರುವ ಮುನ್ನ ನನ್ನ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು. ಆಸ್ಪತ್ರೆಯ ಪ್ರಮಾಣಪತ್ರವನ್ನು ಆಡಿಟರಿಗೆ ತೋರಿಸುವುದೋ, ಬಿಡುವುದೋ? ಅಂಕಿ ಅಕ್ಷರಗಳೇ ಅನ್ನವಾಗಿರುವ ಕಡೆ ಹೋಗಿ, ಅಕ್ಷರವೇ ನನಗೆ ತೊಡಕು ಎಂದು ಹೇಳಿಕೊಂಡರೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳುಹಿಸುತ್ತಾರೆಂದು ಗೆಳೆಯರೆಲ್ಲರ ಅಭಿಪ್ರಾಯ. ನನಗೂ ಅದೇ ಭಯ. ಆದರೆ ಶಾಲೆಯಲ್ಲಿ ಹತ್ತು ವರ್ಷ ಮುಚ್ಚಿಟ್ಟುಕೊಂಡು ಸಾಕಾಗಿತ್ತು. ಮೊದಲ ದಿನ ಕುರ್ಚಿಯಲ್ಲಿ ಕೂರುವ ಮೊದಲೇ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

“ಓದೋದು ನಿಧಾನ ಅಂತೀಯ?”

“ಹೌದು ಸಾರ್. ಉದ್ದವಾದ ಅಂಕಿ ನಕಲು ಮಾಡುವಾಗ ಹಿಂದುಮುಂದು ಆಗುವ ಸಂಭವ ಉಂಟು.”

“ಆಗದೆ ಇರೋವ್ರು ಯಾರಪ್ಪಾ? ನಮ್ಮ ಕಸುಬು ಇರೋದೇ ಅದಕ್ಕೆ. ಬೇಗ ಓದಿದೋರಿಂದ ಲೆಕ್ಕ ನೆಟ್ಟಗಾದದ್ದನ್ನ ನಾನಂತೂ ಕಾಣೆ. ಕೂತ್ಕೊ.”

ಆ ದಿನ ನನಗೆ ಅದು ದೊಡ್ಡವರ ದಾಕ್ಷಿಣ್ಯದ ಮಾತೆನಿಸಿತು. ಕೆಲಸ ಕಲಿಯುತ್ತ ಹೋದಂತೆ ಅದು ದಾಕ್ಷಿಣ್ಯವಲ್ಲ, ಶಾಸ್ತ್ರದ ಸಾರವೇ ಎಂಬುದು ಮನವರಿಕೆಯಾಯಿತು.

ಶಾಲೆ ಮತ್ತು ಲೆಕ್ಕಪತ್ರ, ಇವೆರಡೂ ಅಕ್ಷರ ಅಂಕಿಗಳ ವ್ಯವಹಾರಗಳೇ. ಆದರೆ ಶಾಲೆಯು ಮನುಷ್ಯನು ಸರಿಯಾಗಿ ಓದಬಲ್ಲನೆಂದು ನಂಬಿ ಹೊರಡುತ್ತದೆ. ತಪ್ಪಿದರೆ ದೋಷವನ್ನು ಅವನ ಗುಣಕ್ಕೆ ಅಂಟಿಸುತ್ತದೆ. ಲೆಕ್ಕಪತ್ರವು ಮನುಷ್ಯನು ತಪ್ಪಿಯೇ ತಪ್ಪುತ್ತಾನೆಂದು ತಿಳಿದು ಹೊರಡುತ್ತದೆ. ಆದಕಾರಣ ತಪ್ಪು ತಾನಾಗಿ ಹೊರಗೆ ಬೀಳುವ ಹಾಗೆ ಮನೆಯನ್ನು ಕಟ್ಟಿಕೊಂಡಿದೆ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗಣಿತ ಗ್ರಂಥವೊಂದರಲ್ಲಿ ಲೂಕಾ ಪಾಚಿಯೋಲಿ ಎಂಬ ಕ್ರೈಸ್ತ ಸನ್ಯಾಸಿಯು ಅಲ್ಲಿಯ ವರ್ತಕರು ಅನುಸರಿಸುತ್ತಿದ್ದ ದ್ವಿನಮೂದು ಪದ್ಧತಿಯನ್ನು ವಿವರಿಸಿದ. ಆತ ಅದನ್ನು ಕಂಡುಹಿಡಿದವನಲ್ಲ. ವರ್ತಕರ ಬಳಕೆಯಲ್ಲಿ ಆಗಲೇ ಇದ್ದುದನ್ನು ಬರೆದಿಟ್ಟವನು. ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ, ಒಂದು ಕಡೆ ಜಮಾ ಒಂದು ಕಡೆ ಖರ್ಚು ಎಂದು ಬರೆಯಬೇಕು. ಕೊನೆಯಲ್ಲಿ ತಾಳೆಪಟ್ಟಿ ಹಾಕಿದರೆ ಎರಡು ಮೊತ್ತಗಳೂ ಸಮನಾಗಬೇಕು. ಸಮನಾಗದಿದ್ದರೆ ಎಲ್ಲೋ ಬೆರಳು ಜಾರಿದೆ. ಯಾರ ಬೆರಳು ಎಂದು ಪಟ್ಟಿ ಕೇಳುವುದಿಲ್ಲ. ಬರೆದವನು ದಡ್ಡನೋ ಜಾಣನೋ ಎಂದೂ ಕೇಳುವುದಿಲ್ಲ. ಎಷ್ಟು ವ್ಯತ್ಯಾಸ ಎಂದು ಮಾತ್ರ ಹೇಳುತ್ತದೆ. ಇಂಥ ನಿಷ್ಪಕ್ಷಪಾತಿಯಾದ ಉಪಾಧ್ಯಾಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇಲ್ಲಿಯೇ ಒಂಬತ್ತರ ಪ್ರವೇಶ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಉಂಟಾಗುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 52ನ್ನು 25 ಎಂದು ಬರೆದರೆ ವ್ಯತ್ಯಾಸ 27. 540ನ್ನು 450 ಎಂದು ಬರೆದರೆ 90. ಇದು ಮಂತ್ರವಲ್ಲ. ಹತ್ತರ ಮನೆಯ ಅಂಕಿ ಬಿಡಿಯ ಮನೆಗಿಳಿದರೆ ಅದರ ಬೆಲೆಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಹೋಗುತ್ತದೆ. ಬಿಡಿಯ ಮನೆಯದು ಹತ್ತರ ಮನೆಗೇರಿದರೆ ತನ್ನ ಬೆಲೆಯ ಒಂಬತ್ತರಷ್ಟು ಹೆಚ್ಚಾಗಿ ಬರುತ್ತದೆ. ಹೋದದ್ದೂ ಒಂಬತ್ತರ ಲೆಕ್ಕ, ಬಂದದ್ದೂ ಒಂಬತ್ತರ ಲೆಕ್ಕ. ಉಳಿಯುವುದೂ ಒಂಬತ್ತರ ಲೆಕ್ಕವೇ. ಆದ್ದರಿಂದ ತಾಳೆಪಟ್ಟಿಯ ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕೆಂಬುದು ಲೆಕ್ಕಿಗರ ಹಳೆಯ ಪಾಠ. ನಿಶ್ಶೇಷವಾಗಿ ಹೋದರೆ ಅಂಕಿಗಳು ಜಾಗ ಬದಲಾಯಿಸಿವೆ, ಇಲ್ಲವೇ ಒಂದು ಸೊನ್ನೆ ಬಿದ್ದುಹೋಗಿದೆ ಅಥವಾ ಹೆಚ್ಚಾಗಿ ಬಂದು ಸೇರಿದೆ ಎಂದು ಅನುಮಾನಿಸಬಹುದು. ಹಾಗೆಯೇ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ಆ ಮೊತ್ತವನ್ನು ಹುಡುಕುವ ಕ್ರಮವೂ ಉಂಟು. ಜಮಾ ಕಡೆಯ ಹಣವನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ ಆ ಹಣದ ಎರಡರಷ್ಟಾಗುವುದೇ ಅದಕ್ಕೆ ಕಾರಣ.

ಹಿರಿಯ ಗುಮಾಸ್ತರು ಇದನ್ನು ಹೇಳಿಕೊಟ್ಟ ದಿನ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅಂಕಿ ಹಿಂದುಮುಂದಾಗುವುದು ನನ್ನೊಬ್ಬನ ಗುಟ್ಟಾದ ರೋಗವೆಂದು ತಿಳಿದಿದ್ದೆ. ನೋಡಿದರೆ ಲೋಕದ ಲೆಕ್ಕಿಗರೆಲ್ಲ ಸೇರಿ ಅದಕ್ಕೆ ಎಂದೋ ಔಷಧ ಕಂಡುಹಿಡಿದು, ಪುಸ್ತಕದಲ್ಲಿ ಬರೆದು, ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಬಂದಿದ್ದಾರೆ. ತಪ್ಪದವರ ನಡುವೆ ತಪ್ಪುವವನೊಬ್ಬ ನಾನಾಗಿರಲಿಲ್ಲ. ಎಲ್ಲರೂ ತಪ್ಪುವವರೇ, ನನ್ನ ಪಾಲು ಸ್ವಲ್ಪ ಹೆಚ್ಚು, ಅಷ್ಟೆ.

ಅಂದಿನಿಂದ ಈ ಔಷಧವನ್ನು ದಿನವೂ ಸೇವಿಸುತ್ತ ಬಂದಿದ್ದೇನೆ. ಸಾಲಿನ ಕೆಳಗೆ ಅಡಿಕೋಲು ಇಡದೆ ನಾನು ಓದುವುದಿಲ್ಲ. ಅಂಕಿಯನ್ನು ಕಣ್ಣಿನಿಂದ ಮಾತ್ರ ನಕಲು ಮಾಡುವುದಿಲ್ಲ. ಅಪ್ಪ ಮೂಟೆ ಎಣಿಸಿದ ಹಾಗೆ ಬಾಯಿಂದ ಹೇಳಿ, ಕಿವಿಯಿಂದ ಕೇಳಿ, ಆಮೇಲೆ ಬರೆಯುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆದರೆ ಒಬ್ಬರು ಪುಸ್ತಕ ನೋಡಿ ಕೂಗುವುದು, ಇನ್ನೊಬ್ಬರು ಖಾತೆಯಲ್ಲಿ ಗುರುತು ಹಾಕುವುದು ಆಡಿಟ್ ಕೆಲಸದ ಹಳೆಯ ಪದ್ಧತಿಯೇ ಎಂಬುದು ತಿಳಿದಾಗ ನಾಚಿಕೆ ಹೋಯಿತು. ಕೂಗುವ ಕೆಲಸಕ್ಕೆ ಈಗ ನಮ್ಮ ಕಛೇರಿಯಲ್ಲಿ ನನ್ನನ್ನೇ ಕರೆಯುತ್ತಾರೆ. ಮಂಡಿಯ ಕಂಠ ವಂಶಪಾರಂಪರ್ಯವಾಗಿ ಬಂದಿದೆಯಲ್ಲ!

2017ರ ಜುಲೈ 1ರಿಂದ ಜಾರಿಗೆ ಬಂದ ಜಿ.ಎಸ್.ಟಿ. ನನಗೆ ಇನ್ನೊಂದು ಪರೀಕ್ಷೆಯಾಯಿತು. ಪ್ರತಿ ವರ್ತಕನಿಗೂ ಹದಿನೈದು ಅಂಕಿ ಅಕ್ಷರಗಳ ಒಂದು ಸಂಖ್ಯೆ. ನೋಡಿದರೆ ಯಾರೋ ಕೋಪದಲ್ಲಿ ಒತ್ತಿದ ಟೈಪ್‌ರೈಟರಿನಂತೆ ಕಾಣುತ್ತದೆ. ಆದರೆ ಬಿಡಿಸಿ ನೋಡಿದರೆ ಅದರಲ್ಲಿ ಒಂದು ವ್ಯವಸ್ಥೆ ಇದೆ. ಮೊದಲ ಎರಡು ರಾಜ್ಯದ ಗುರುತು, ನಮ್ಮ ಕರ್ನಾಟಕಕ್ಕೆ 29. ಮುಂದಿನ ಹತ್ತು ಆದಾಯ ತೆರಿಗೆಯ ಪ್ಯಾನ್ ಸಂಖ್ಯೆ. ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಉಳಿದವು ಮೂರು. ಹೀಗೆ ತುಂಡು ಮಾಡಿ ಹಾಡಿಕೊಂಡರೆ ಹದಿನೈದೂ ಹಿಡಿತಕ್ಕೆ ಬರುತ್ತವೆ. ಕೊನೆಯ ಗುರುತಂತೂ ವರ್ತಕನ ವಿಚಾರ ಏನನ್ನೂ ಹೇಳುವುದಿಲ್ಲ. ಮುಂದಿನ ಹದಿನಾಲ್ಕನ್ನು ಸರಿಯಾಗಿ ಬರೆದಿದ್ದೀರಾ ಎಂದು ಕಾಯಲು ಕುಳಿತಿರುವ ಪಹರೆಯವನು ಅವನು. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯ ಕೆಲಸವೂ ಅದೇ. ಯಾಕೋಬಸ್ ವೆರ್‌ಹೂಫ್ ಎಂಬ ಡಚ್ ಗಣಿತಜ್ಞ 1969ರಲ್ಲಿ ಪ್ರಕಟಿಸಿದ ಸೂತ್ರ ಅದರಲ್ಲಿದೆ. ಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಅದು ತಪ್ಪದೆ ಹಿಡಿಯುತ್ತದೆ. ನೂರು ಕೋಟಿಗೂ ಮೀರಿದ ಜನರಿಗೆ ಸಂಖ್ಯೆ ಹಂಚುವಾಗ ದೊಡ್ಡ ದೊಡ್ಡ ವಿದ್ವಾಂಸರು ಪರ್ಸಿಯಂಥವರನ್ನೂ ನನ್ನಂಥವರನ್ನೂ ನೆನಪಿನಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದಾರೆಂದು ನಾನು ತಿಳಿದಿದ್ದೇನೆ.

ದ್ವಿತೀಯ ಬಿ.ಎ.ಯಲ್ಲಿದ್ದಾಗ ಒಂದು ಎಣ್ಣೆ ಗಿರಣಿಯ ಲೆಕ್ಕ ನಮ್ಮ ಕಛೇರಿಗೆ ಬಂದಿತ್ತು. ಗಿರಣಿಯ ಪುಸ್ತಕದ ಬ್ಯಾಂಕ್ ಶಿಲ್ಕಿಗೂ ಬ್ಯಾಂಕಿನವರು ಕೊಟ್ಟ ಪಟ್ಟಿಗೂ 2,700 ರೂಪಾಯಿ ವ್ಯತ್ಯಾಸ. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ. ಜಮಾ ಖರ್ಚು ಎರಡೂ ಕಡೆ ಒಂದೇ ಮೊತ್ತ ಬಿದ್ದರೆ ಯಂತ್ರಕ್ಕೆ ಸಮಾಧಾನ, ಆ ಮೊತ್ತವೇ ತಪ್ಪಾಗಿದ್ದರೆ ಅದು ಪಾಪ ಹೇಗೆ ಬಲ್ಲುದು? ವರ್ಷದ ನಮೂದುಗಳು ಎಂಟುನೂರಕ್ಕೂ ಮೇಲೆ. ಇಬ್ಬರು ಎರಡು ದಿನದಿಂದ ಒಂದೊಂದಾಗಿ ನೋಡುತ್ತಿದ್ದರು. ಸಂಜೆ ಕಾಲೇಜು ಮುಗಿಸಿಕೊಂಡು ಹೋದ ನಾನು ಅಭ್ಯಾಸಬಲದಿಂದ 2,700ನ್ನು ಒಂಬತ್ತರಿಂದ ಭಾಗಿಸಿದೆ. 300 ಬಂತು. ಅಂದರೆ ಸಾವಿರದ ಮನೆಯ ಅಂಕಿಯೂ ನೂರರ ಮನೆಯ ಅಂಕಿಯೂ ಜಾಗ ಬದಲಾಯಿಸಿರಬೇಕು; ಅವೆರಡರ ನಡುವೆ ಮೂರರ ಅಂತರವಿರಬೇಕು. ಎಂಟುನೂರು ನಮೂದುಗಳನ್ನು ಓದುವ ಶಕ್ತಿ ನನಗಿಲ್ಲ. ಆದರೆ ಆ ಎರಡು ಮನೆಗಳನ್ನು ಮಾತ್ರ ನೋಡುತ್ತ ಹೋಗುವುದಕ್ಕೆ ಅಡಿಕೋಲೊಂದಿದ್ದರೆ ಸಾಕು. ಎಂಟನೆಯ ಹಾಳೆಯಲ್ಲಿ 14,700 ಸಿಕ್ಕಿತು. ಬ್ಯಾಂಕಿನ ಪಟ್ಟಿಯಲ್ಲಿ ಅದೇ ತಾರೀಖಿಗೆ 17,400. ಹಿಡಿದ ಕಾಲ ಮುಕ್ಕಾಲು ಗಂಟೆ.

ಆಡಿಟರು ಹೊಗಳಲಿಲ್ಲ, ಹೊಗಳುವುದು ಅವರ ಜಾಯಮಾನವಲ್ಲ. ನಮ್ಮ ಕಛೇರಿಯಲ್ಲಿ ಹೊಸಬರು ಗುರುತು ಹಾಕುವುದು ಕೆಂಪು ಪೆನ್ಸಿಲಿನಲ್ಲಿ, ಅದರ ಮೇಲೆ ಪರಿಶೀಲನೆಯ ಗುರುತು ಹಸಿರಿನಲ್ಲಿ. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಹಸಿರು ಪೆನ್ಸಿಲ್ ಇತ್ತು. ಯಾರಿಟ್ಟರೆಂದು ನಾನು ಕೇಳಲಿಲ್ಲ. ಆ ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ಕೊಟ್ರೆ ಸಾಹುಕಾರ್ರು ಎದ್ದು ನಿಲ್ತಾರಾ?” ಎಂದು ಕೇಳಿದ. ಇನ್ನೂ ಸ್ವಲ್ಪ ಕಾಲ ಬೇಕೆಂದು ಹೇಳಿದೆ.

ಆ ‘ಸ್ವಲ್ಪ ಕಾಲ’ ಎಷ್ಟೆಂಬುದೇ ಈಗಿನ ಚಿಂತೆ. ಪದವೀಧರರು ಚಾರ್ಟರ್ಡ್ ಅಕೌಂಟೆನ್ಸಿಯ ಇಂಟರ್‌ಮೀಡಿಯೆಟ್ ಹಂತಕ್ಕೆ ನೇರವಾಗಿ ಸೇರಬಹುದು. ಕಾಮರ್ಸಿನವರಿಗೆ ಶೇಕಡ 55 ಸಾಕು, ನಮ್ಮಂಥ ಬಿ.ಎ.ಯವರಿಗೆ ಶೇಕಡ 60 ಬೇಕು. ಇದುವರೆಗಿನ ನನ್ನ ಸರಾಸರಿ 63. (ಇದನ್ನು ಯಾರೂ ತಿರುವಿ ಓದಬಾರದೆಂದು ಪ್ರಾರ್ಥನೆ.) 2023ರ ಹೊಸ ಯೋಜನೆಯ ಮೇರೆಗೆ ಆರ್ಟಿಕಲ್‌ಶಿಪ್ ಎರಡು ವರ್ಷ. ಆಡಿಟರು ತಮ್ಮಲ್ಲಿಯೇ ತೆಗೆದುಕೊಳ್ಳುವುದಾಗಿ ಹೇಳಿದ್ದಾರೆ. ಆದರೆ ಕಂಪನಿ ಕಾಯಿದೆಯ ಒಂದು ಪುಟ ಓದಲು ನನಗೆ ಇಂದಿಗೂ ಉಳಿದವರ ಮೂರರಷ್ಟು ಹೊತ್ತು ಬೇಕು. ಫೋನು ಓದಿ ಹೇಳುತ್ತದೆ, ನಾನು ಕೇಳುತ್ತೇನೆ. ಆದರೂ ಪರೀಕ್ಷೆಯ ಮಂಟಪದಲ್ಲಿ ಓದಬೇಕಾದವನು ನಾನೇ. ಹಸಿರು ಪೆನ್ಸಿಲ್ ಬಂದಿತೆಂದು ತೊಡಕು ಹೋಗಿಲ್ಲ. ಹೋಗುವುದೂ ಇಲ್ಲ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಬೇಕು.

ಆದರೂ ನನ್ನ ಕೈಯಲ್ಲಿ ಒಂದು ಪ್ರಮಾಣಪತ್ರವಿದೆ, ಅದರ ಹಿಂದೆ ಒಂದು ಕಾನೂನಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚಿನ ಕಾಲ ಕೊಡಬೇಕೆಂದು 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳಿತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಈ ಒಂದು ಗಂಟೆ ಇಲ್ಲದಿದ್ದರೆ ಮೇಲೆ ಹೇಳಿದ 63 ಇರುತ್ತಿರಲಿಲ್ಲ. ನನ್ನ ಜತೆ ಎಲ್ಲರೂ ಎದ್ದು ಹೋದ ಮೇಲೂ ಕುಳಿತು ಬರೆಯುವ ನನ್ನನ್ನು ಕಂಡು ಇವನಿಗೇಕೆ ಈ ಸವಲತ್ತು ಎಂದು ಆಶ್ಚರ್ಯಪಟ್ಟ ಸಹಪಾಠಿಗಳಿಗೆ ಈ ಬರಹವೇ ಉತ್ತರವಾಗಲಿ.

ನನ್ನ ಸೋದರಮಾವನ ಮಗ ನನಗಿಂತ ಎರಡು ವರ್ಷಕ್ಕೆ ಕಿರಿಯ. ಅವನಿಗೂ ಇದೇ ತೊಡಕು ಇರಬೇಕೆಂದು ನನ್ನ ಊಹೆ. ಆದರೆ ಅವನನ್ನು ಎದುರಿಗೆ ಕೂರಿಸಿಕೊಂಡು ಬಾಯಲ್ಲಿ ಪ್ರಶ್ನೆ ಕೇಳುವ ಉಪನ್ಯಾಸಕರು ಅವನ ದಾರಿಯಲ್ಲಿ ಬರಲಿಲ್ಲ. ಎಂಟನೆಯ ತರಗತಿಯಲ್ಲಿ ಆ ಮೂರು ಬಿರುದುಗಳ ಭಾರ ತಾಳದೆ ಶಾಲೆ ಬಿಟ್ಟ. ಈಗ ಅಪ್ಪನ ಜತೆ ಮೂಟೆ ಹೊರುತ್ತಾನೆ. ಮೂಟೆ ಹೊರುವುದು ಕೀಳು ಕೆಲಸವೆಂದು ನಾನು ಹೇಳಲಾರೆ. ನಾನು ತಿಂದ ಅನ್ನ ಅದು. ಆದರೆ ಬಾಯಿಲೆಕ್ಕದಲ್ಲಿ ಅವನು ನನಗಿಂತ ಚುರುಕು. ಜಮಾ ಕಡೆ ಬರೆಯಬೇಕಾದ ಮೊತ್ತವನ್ನು ಖರ್ಚಿನ ಕಡೆ ಬರೆದರೆ ವ್ಯತ್ಯಾಸ ಎರಡರಷ್ಟಾಗುತ್ತದೆಂದು ಆಗಲೇ ಹೇಳಿದೆನಷ್ಟೆ. ಜಾಣನನ್ನು ದಡ್ಡರ ಕಡೆ ಬರೆದರೂ ಹಾಗೆಯೇ. ಅವನು ಕಳೆದುಕೊಂಡದ್ದು ಒಂದು ಪಾಲು, ಊರು ಕಳೆದುಕೊಂಡದ್ದು ಇನ್ನೊಂದು ಪಾಲು. ಅಂಥ ನಮೂದುಗಳು ನಮ್ಮ ಊರುಗಳಲ್ಲಿ ಎಷ್ಟಿವೆಯೋ, ಯಾರೂ ತಾಳೆಪಟ್ಟಿ ಹಾಕಿ ನೋಡಿಲ್ಲ.

ನಮ್ಮ ಕಾಲೇಜಿನ ಅಧ್ಯಾಪಕ ವರ್ಗದವರಲ್ಲಿ ನನ್ನ ಬಿನ್ನಹ ಇಷ್ಟೆ. ಬಾಯಲ್ಲಿ ಬಲ್ಲವನು ಬರಹದಲ್ಲಿ ಎಡವುತ್ತಿದ್ದರೆ, ದಯವಿಟ್ಟು ಒಮ್ಮೆ ಎದುರಿಗೆ ಕೂರಿಸಿಕೊಂಡು ಕೇಳಿ ನೋಡಿರಿ. ಮುಂದಿನ ಬೆಂಚಿನ ಮಿತ್ರರಲ್ಲಿಯೂ ಒಂದು ಮಾತು: ಹಿಂದಿನ ಬೆಂಚಿನಲ್ಲಿ ಪುಸ್ತಕ ತೆರೆಯದೆ ಕುಳಿತಿರುವವನು ಸೋಮಾರಿಯೇ ಇರಬಹುದು, ಆದರೆ ವ್ಯತ್ಯಾಸವನ್ನು ಭಾಗಿಸಿ ನೋಡುವ ಮೊದಲೇ ತೀರ್ಪು ಬರೆಯಬೇಡಿರಿ.

ನನ್ನ ಮಾವನ ಮಗನ ವಿಚಾರದಲ್ಲಿ ನಾನೇ ಕೆಲಸ ಪ್ರಾರಂಭಿಸಿದ್ದೇನೆ. ಪ್ರತಿ ಭಾನುವಾರ ಮಧ್ಯಾಹ್ನ ಮಂಡಿಗೆ ರಜೆ. ಗೋದಾಮಿನ ಕಟ್ಟೆಯ ಮೇಲೆ ನಾವಿಬ್ಬರೂ ಕೂರುತ್ತೇವೆ. ನಾನು ಪಾಠವನ್ನು ಗಟ್ಟಿಯಾಗಿ ಓದುತ್ತೇನೆ, ಅವನು ಅಡಿಕೋಲು ಹಿಡಿದು ಸಾಲನ್ನು ಅನುಸರಿಸುತ್ತಾನೆ. ಆಮೇಲೆ ಅವನು ಓದುತ್ತಾನೆ, ನಾನು ಗುರುತು ಹಾಕುತ್ತೇನೆ. ನಿಮ್ಹಾನ್ಸಿಗೆ ಹೋಗಲು ಬರುವ ತಿಂಗಳು ದಿನ ಗೊತ್ತಾಗಿದೆ. ಖಾಸಗಿಯಾಗಿ ಎಸ್.ಎಸ್.ಎಲ್.ಸಿ.ಗೆ ಕೂರುವುದೆಂದು ಅವನು ಮನಸ್ಸು ಮಾಡಿದ್ದಾನೆ. ಮೊನ್ನೆ ಮೊದಲನೆಯ ಪಾಠ ತಡವರಿಸುತ್ತಲಾದರೂ ಕೊನೆಯವರೆಗೂ ಮುಗಿಯಿತು. ಎಷ್ಟಾಯಿತೆಂದು ಮಾವ ಕೇಳಿದರು. ಅವನು ಪುಸ್ತಕ ಮುಚ್ಚಿ, “ಲಾಭ” ಎಂದ.